ಎಡವಟ್ಟ ಗುಲಾಬ

ಬಾಗಿಲ ಮುಂದೆ ಗುಲಾಬಿ ಗಿಡ ಇಟ್ಟುಕೊಂಡವಳನ್ನು ಗುರುತಿಸುವುದು ಸುಲಭ. ಸೆರಗು ನೋಡಿದರೆ ಸಾಕು. ನನ್ನ ಕಪಾಟಿನಲ್ಲಿ ಮುಳ್ಳು ಮುಟ್ಟದ ಸೀರೆ ನಾಲ್ಕೋ ಐದೋ ಇರಬಹುದು. ಅವು ಉಳಿದದ್ದೂ ನನ್ನ ಜಾಣತನದಿಂದಲ್ಲ. ಮದುವೆ, ತೊಟ್ಟಿಲು ಎಂದು ವರ್ಷಕ್ಕೊಮ್ಮೆ ಹೊರಗೆ ಬರುವ ಸೀರೆಗಳವು, ಗಿಡದ ಕೈಗೆ ಇನ್ನೂ ಸಿಕ್ಕಿಲ್ಲ, ಅಷ್ಟೇ. ನಿನ್ನೆ ಬೆಳಿಗ್ಗೆ ಪೇಪರ್ ಎತ್ತಿಕೊಳ್ಳಲು ಬಗ್ಗಿದೆ. ಹೊಸ ಇಳಕಲ್ಲ ಸೀರೆಯ ಸೆರಗನ್ನು ಯಾರೋ ಹಿಂದಿನಿಂದ ಹಿಡಿದು ಎಳೆದಂತಾಯಿತು. ತಿರುಗಿಯೂ ನೋಡದೆ "ಬಿಡವಾ ತಾಯಿ" ಅಂದೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಆ ಗಿಡಕ್ಕೆ ಇದೇ ಮಾತು ಹೇಳುತ್ತಿದ್ದೇನೆ. ಅದು ಒಂದು ದಿನವೂ ತಾನಾಗಿ ಬಿಟ್ಟಿಲ್ಲ. ದಾರ ಹರಿಯದ ಹಾಗೆ ಒಂದೊಂದೇ ಮುಳ್ಳು ಬಿಡಿಸಿಕೊಳ್ಳುತ್ತ ನಿಂತಾಗ, ಹೋದ ವರ್ಷ ಇದೇ ಗಿಡಕ್ಕಾಗಿ ನಾನು ಮಾಡಿದ ಪರದಾಟವೆಲ್ಲ ನೆನಪಾಗಿ ಒಬ್ಬಳೇ ನಕ್ಕೆ. ನಿಮಗೂ ಹೇಳಿಬಿಡುತ್ತೇನೆ.

ನಮ್ಮ ಮನೆ ಬೆಳಗಾವಿಯ ಅನಗೋಳದಲ್ಲಿದೆ. ಓಣಿ ಸಣ್ಣದು, ಮನೆ ಅದಕ್ಕೆ ತಕ್ಕಷ್ಟು, ಅಂಗಳ ಇನ್ನೂ ಸಣ್ಣದು. ಆ ಅಂಗಳದಲ್ಲಿ ಗೇಟಿನ ಎಡಗಡೆ ಈ ಗಿಡ ನಿಂತಿದೆ. ನೋಡಲು ಅಂಥ ಚೆಲುವೆಯಲ್ಲ. ಒಂದು ಕೊಂಬೆ ಕಂಪೌಂಡಿನ ಮೇಲೆ ಮೊಣಕೈ ಊರಿದೆ, ಇನ್ನೊಂದು ನೀರಿನ ಮೀಟರಿನೊಳಗೆ ತಲೆ ಹಾಕಿದೆ, ಮೂರನೆಯದು ಬಂದವರ ಸೆರಗು, ಧೋತರ, ಕೈಚೀಲ ಹಿಡಿದು ಮಾತಾಡಿಸುತ್ತದೆ. ಹೂವು ಗುಲಾಬಿ ಬಣ್ಣದ್ದೇ. ಪೇಟೆಯ ಗುಲಾಬಿಯ ಹಾಗೆ ಬಿಗಿಯಾಗಿ, ಉದ್ದ ಕತ್ತು ಚಾಚಿ ನಿಲ್ಲುವುದಿಲ್ಲ. ಬೆಳಿಗ್ಗೆ ಅರಳುತ್ತದೆ, ಹತ್ತು ಗಂಟೆಗೆ ಎಲ್ಲ ಪಕಳೆ ಬಿಚ್ಚಿ ಹರವಿಕೊಂಡು ಕೂರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಉದುರಿಬಿಡುತ್ತದೆ. ಆದರೆ ಪರಿಮಳ! ಅದನ್ನು ಬರೆಯಲು ನನಗೆ ಬರುವುದಿಲ್ಲ. ಬಸ್ಸಿನಿಂದಿಳಿದು ಹೊಸದಾಗಿ ನಮ್ಮ ಮನೆ ಹುಡುಕುವವರಿಗೆ ಮನೆ ನಂಬರು ಹೇಳುವುದಿಲ್ಲ, "ವಾಸ್ನಿ ಹಿಡದು ಬರ್ರಿ" ಅನ್ನುತ್ತೇವೆ. ಇಷ್ಟು ಹೇಳಿದರೆ ನಿಮಗೆ ತಿಳಿದೀತು.

ಇದರ ಹೆಸರು ಎಡವಟ್ಟ ಗುಲಾಬ.

ನಗಬೇಡಿ. ಇದು ನಾನು ಇಟ್ಟ ಹೆಸರಲ್ಲ, ನನ್ನ ತವರುಮನೆಯಿಂದ ಗಿಡದ ಜೊತೆಗೇ ಬಂದದ್ದು. ನನ್ನ ತವರು ಖಾನಾಪುರ. ಅಪ್ಪ ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಪಾತ್ರೆಗಿಂತ ಒಡೆದ ಹಂಚೇ ಹೆಚ್ಚು. ಆ ಒಡೆದ ಹಂಚುಗಳನ್ನು ನೆಟ್ಟಗೆ ಹುಗಿದು ಅವ್ವ ಹಿತ್ತಲಲ್ಲಿ ಒಂದು ಮಡಿ ಮಾಡಿದ್ದಳು. ಅದರೊಳಗೆ ಈ ಗುಲಾಬಿ. ಅಪ್ಪನ ಅಪ್ಪ, ಅಂದರೆ ನಮ್ಮ ಅಜ್ಜ, ಹುಡುಗನಾಗಿದ್ದಾಗ ಕಾಡಿನಂಚಿನ ಒಬ್ಬ ಬಿಳಿಯ ಸಾಹೇಬನ ಬಂಗಲೆಯಲ್ಲಿ ತೋಟಕ್ಕೆ ನೀರು ಹಾಕುತ್ತಿದ್ದನಂತೆ. ಸಾಹೇಬ ಊರು ಬಿಟ್ಟು ಹೋಗುವಾಗ ಏನು ಬೇಕು ಕೇಳು ಅಂದನಂತೆ. ಅಜ್ಜ ಈ ಗಿಡದ ಕಡ್ಡಿ ಬೇಡಿದ. ಅದರ ಹೆಸರೇನು ಎಂದೂ ಕೇಳಿದ. ಸಾಹೇಬ ಏನೋ ಒಂದು ಹೆಸರು ಹೇಳಿದ. ಅಜ್ಜನ ಕಿವಿಗೆ ಬಿದ್ದದ್ದು "ಎಡವಟ್ಟ". ಅಜ್ಜ ಗಿಡವನ್ನೊಮ್ಮೆ ನೋಡಿದ. ಅಡ್ಡಾದಿಡ್ಡಿ ಕೊಂಬೆ, ಎಲ್ಲೆಂದರಲ್ಲಿ ಮುಳ್ಳು. ಸಾಹೇಬನಿಗೆ ಇಷ್ಟು ಚಲೋ ಕನ್ನಡ ಬರುತ್ತದೆಂದು ಇಷ್ಟು ದಿನ ಗೊತ್ತೇ ಇರಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟನಂತೆ. ಅಜ್ಜ ಇದನ್ನು ನಗಿಸಲು ಹೇಳುತ್ತಿರಲಿಲ್ಲ, ಸಾಹೇಬನ ಮೇಲಿನ ಗೌರವಕ್ಕೆ ಹೇಳುತ್ತಿದ್ದ.

ಆ ಹೆಸರಿನಲ್ಲಿ ನನಗೂ ಪಾಲಿತ್ತು. ಎರಡು ಕೊಡ ತರಲು ಹೋಗಿ ಒಂದು ಒಡೆದುಕೊಂಡು ಬರುವವಳು ನಾನು. ಒಮ್ಮೆ ಅವ್ವ ಗುಲ್ಕಂದಕ್ಕೆ ಸಕ್ಕರೆ ಹಾಕು ಎಂದು ಹೇಳಿ ನೀರಿಗೆ ಹೋದಳು. ಪಕಳೆ ಬಿಡಿಸಿ, ಬರಣಿ ತೊಳೆದಿಟ್ಟಿದ್ದಳು. ನಾನು ಒಂದು ಪದರು ಪಕಳೆ, ಒಂದು ಪದರು ಸಕ್ಕರೆ ಎಂದು ಬಹಳ ಶ್ರದ್ಧೆಯಿಂದ ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮಾಳಿಗೆಯ ಬಿಸಿಲಿಗಿಟ್ಟು ಬಂದೆ. ವಾರ ಕಳೆದು ಅವ್ವ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡವಳೇ ಹಿತ್ತಲಿಗೆ ಓಡಿ ಉಗುಳಿದಳು. ನಾನು ಹಾಕಿದ್ದು ಸಕ್ಕರೆಯಲ್ಲ, ಸಣ್ಣ ಉಪ್ಪು. ಬೇರೆಯವರ ಮನೆಯಲ್ಲಾಗಿದ್ದರೆ ಬೆನ್ನಿಗೆ ಬೀಳುತ್ತಿತ್ತು. ಅವ್ವ ನಕ್ಕು ನಕ್ಕು ಕುಸಿದು ಕೂತಳು. "ಗುಲಾಬಿ ಉಪ್ಪಿನಕಾಯಿ ಹಾಕ್ಯಾಳ ನೋಡ್ರಿ ನನ್ನ ಮಗಳು! ಗಿಡಾನೂ ಎಡವಟ್ಟ, ನೀನೂ ಎಡವಟ್ಟ, ಛಲೋ ಜೋಡಿ ಕೂಡಿತು." ಅಂದಿನಿಂದ ಹಿತ್ತಲಿನ ಗಿಡಕ್ಕೂ ನನಗೂ ಒಂದೇ ಹೆಸರು. ಅವ್ವ ಒಳಗಿನಿಂದ "ಏ ಎಡವಟ್ಟಾ" ಎಂದರೆ ಗಿಡ ಸುಮ್ಮನಿರುತ್ತಿತ್ತು, ನಾನು ಓಡಿ ಹೋಗುತ್ತಿದ್ದೆ.

ನನ್ನ ಮದುವೆಯ ಮರುದಿನ ಅವ್ವ ತಾನೇ ಒಂದು ಕಡ್ಡಿ ಆರಿಸಿ, ಹಸಿಮಣ್ಣು ಮೆತ್ತಿ, ಒದ್ದೆ ಬಟ್ಟೆ ಸುತ್ತಿ ನನ್ನ ಉಡಿಯಲ್ಲಿಟ್ಟಳು. ಬೀಗರ ಮುಂದೆ ಹೊಸ ಸೊಸೆ ಕೆಸರು ಸುರಿಯುವ ಗಂಟು ಹಿಡಿದು ಬಸ್ಸು ಹತ್ತಿದ್ದು ಚೆನ್ನಾಗಿ ಕಾಣಿಸಲಿಲ್ಲ ಎಂದು ಆಮೇಲೆ ತಿಳಿಯಿತು. ಅತ್ತೆ ಮನೆಗೆ ಬಂದ ಮೇಲೆ, "ಉಡಿ ತುಂಬಿ ಕಳಿಸ್ತಾರ, ಕೇಳೀನಿ. ಕೆಸರ ತುಂಬಿ ಕಳಿಸಿದ್ದ ಇದ ಮೊದಲ ನೋಡಿದ್ದು" ಅಂದರು. ಹಾಗೆ ಅಂದವರೇ ಗೇಟಿನ ಬಾಜು ಸ್ವಲ್ಪ ಅಗೆದುಕೊಟ್ಟರು. ಅದು ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ದಯೆ. ನಾನು ಇಂಥವನ್ನು ಎಣಿಸಿ ಇಟ್ಟುಕೊಳ್ಳುವವಳು. ದಿನಾ ಲಿಂಗಪೂಜೆಯಾದ ಮೇಲೆ ಅಂಗೈ ಮುಚ್ಚುವ ಮೊದಲು ನಿನ್ನೆಯ ದಿನ ಏನೇನು ಸುಸೂತ್ರವಾಯಿತೆಂದು ನೆನೆಯುತ್ತೇನೆ. ಹಾಲು ಉಕ್ಕಲಿಲ್ಲ. ನಲ್ಲಿ ನೀರು ಬಂತು. ಮೊಣಕಾಲು ಮೆಟ್ಟಿಲಲ್ಲಿ ಬೈಯಲಿಲ್ಲ. ದೊಡ್ಡದನ್ನು ಕೇಳುವ ಧೈರ್ಯ ನನಗಿಲ್ಲ, ಸಣ್ಣವುಗಳಿಗೆ ಶರಣು ಹೇಳಲು ಮರೆಯುವುದಿಲ್ಲ.

ಮುಂದೆ ತವರಿನ ಗಿಡ ಹೋಯಿತು. ಅಪ್ಪ, ಅವ್ವ ಹೋದ ಮೇಲೆ ತಮ್ಮ ಹಿತ್ತಲಲ್ಲಿ ಎರಡು ಕೋಣೆ ಕಟ್ಟಿಸಿದ. ಬೇಕಾಗಿತ್ತು, ಮಕ್ಕಳು ದೊಡ್ಡವರಾಗಿದ್ದರು, ತಪ್ಪು ಅನ್ನಲಾರೆ. ಗಿಡ ಅಡಿಪಾಯದೊಳಗೆ ಹೋಯಿತೆಂದು ನನಗೆ ಗೊತ್ತಾದದ್ದು ಹೊಸ ಕೋಣೆಯ ವಾಸ್ತುಶಾಂತಿಗೆ ಹೋದಾಗ. ಅವನ ಹೆಂಡತಿ ರೇಣುಕಾ ನನ್ನ ಮುಖ ನೋಡಿ ತಾನೇ ಕಣ್ಣೀರು ಹಾಕಿದಳು. "ಅಕ್ಕಾರ, ನೆಪ್ಪs ಹಾರಿತ್ರಿ." ನಾನು ಅವಳಿಗೆ ಸಮಾಧಾನ ಹೇಳಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ತಲೆಗೆ ಹೊಳೆಯಿತು: ಅಜ್ಜ ಬೇಡಿ ತಂದದ್ದು, ಅವ್ವ ಹಂಚು ಹುಗಿದು ಬೆಳೆಸಿದ್ದು ಇನ್ನು ಒಂದೇ ಒಂದು ಉಳಿದಿದೆ, ಅದು ನನ್ನ ಗೇಟಿನ ಬಾಜು.

ಆ ಒಂದಕ್ಕೂ ಆಚೆ ವರ್ಷದ ದೀಪಾವಳಿಗೆ ಗಂಡಾಂತರ ಬಂತು. ನಮ್ಮನೆಯವರಿಗೆ ರವಿವಾರ ಪೇಟೆಯಲ್ಲಿ ಬೆಲ್ಲದ ಅಂಗಡಿ. ಇಷ್ಟು ವರ್ಷ ಸ್ಕೂಟರ್ ಮೇಲೆ ಓಡಾಡಿದವರು ಪಾಡ್ಯದ ದಿನ ಒಂದು ಕಾರು ತಂದು ಓಣಿಯಲ್ಲಿ ನಿಲ್ಲಿಸಿದರು. ಯಾರೋ ಓಡಿಸಿ ಬಿಟ್ಟದ್ದು, ಆದರೂ ಚೆನ್ನಾಗಿತ್ತು. ಆರತಿ ಮಾಡಿದೆವು, ನಿಂಬೆಹಣ್ಣು ತುಳಿಸಿದೆವು. ಒಳಗೆ ತರಲು ಹೋದರೆ ಗೇಟು ಸಾಲಲಿಲ್ಲ. ಬಲಗಡೆ ನಮ್ಮ ನೀರಿನ ಟಾಕಿ. ಎಡಗಡೆ ನನ್ನ ಗಿಡ. ಗೇಟು ಅಗಲ ಮಾಡಲು ಗಾರೆ ಕೆಲಸದ ಗೌಂಡಿ ಬಂದು ಟೇಪು ಹಿಡಿದು ಅಳೆದ, ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದ. ಗೆರೆ ಸರಿಯಾಗಿ ಗಿಡದ ಬುಡದ ಮೇಲೆ ಹಾಯ್ದು ಹೋಯಿತು.

"ಕಡ್ಡಿ ಕೊಯ್ದು ಕುಂಡ್ಯಾಗ ಹಚ್ಚಿಕೋ. ಬ್ಯಾಡ ಅಂದೇನೇನು?" ಅಂದರು ನಮ್ಮನೆಯವರು. ಅವರು ಕೆಟ್ಟ ಮಾತು ಆಡಲಿಲ್ಲ. ನಾನು ಹಚ್ಚಿದೆ. ಚೆಂದದ ಹಸಿರು ಎಳೆ ತುದಿಗಳನ್ನೇ ಆರಿಸಿ ಆರು ಕುಂಡಗಳಲ್ಲಿ ಚುಚ್ಚಿದೆ, ಮುಂಜಾನೆ ಸಂಜೆ ನೀರು ಹಾಕಿದೆ, ವಿಭೂತಿಯನ್ನೂ ಹಚ್ಚಿದೆ. ಆರೂ ಕಪ್ಪಾಗಿ ಕೊಳೆತವು. ಮತ್ತೆ ಆರು. ಅವೂ ಹೋದವು. ಮದುವೆಯಲ್ಲಿ ಅವ್ವ ಎಂಥ ಕಡ್ಡಿ ಆರಿಸಿದ್ದಳು ಎಂದು ನಾನು ನೋಡಿಕೊಂಡಿರಲೇ ಇಲ್ಲ. ಹೊಸ ಮದುಮಗಳು ಆಗ ಕಡ್ಡಿ ನೋಡುತ್ತಾಳೆಯೇ? ಬುಡಸಮೇತ ಕಿತ್ತು ಬೇರೆ ಕಡೆ ಇಡೋಣವೆಂದರೆ, ನರ್ಸರಿಯವನು ಬಂದು ಬುಡ ಅಲುಗಾಡಿಸಿ ನೋಡಿ, "ಅಕ್ಕಾರ, ಮುದಕಿ ಅದು. ಎಬ್ಬಿಸಿದ್ರ ಕೂಡೂದಿಲ್ಲ" ಎಂದು ತಲೆಯಾಡಿಸಿ ಹೋದ.

ಸಂಕ್ರಮಣ ಮುಗಿದ ಮೇಲೆ ಗೌಂಡಿ ಬರುವುದೆಂದು ಗೊತ್ತಾಯಿತು. ಒಂದು ದಿನ ಊಟಕ್ಕೆ ಬಡಿಸುತ್ತ ನಾನು ಕೊನೆಯ ಸಲ ಕೇಳಿದೆ.

"ರೀ, ಕಾರು ಓಣ್ಯಾಗ ನಿಂತರ ಏನಾಗತೈತಿ? ಅದೂ ನಮ್ಮನಿ ಮುಂದs ಅಲ್ಲನ?"

"ಮಂಗಲಾ, ಆ ಗಿಡದಾಗ ಏನೈತಿ ಅಂತ ಇಷ್ಟ ಬಡಕೋತಿ? ಹೆಸರರ ಚಂದ ಐತೇನ? ಮಧ್ಯಾಹ್ನ ತನಾ ಬಾಳ್ವಿ ಮಾಡೂದಿಲ್ಲ, ಅಂಗಳ ತುಂಬ ಕಸಾ. ನೋಡು, ಮುಂದಿನ ತಿಂಗಳ ಹೂವಿನ ಪ್ರದರ್ಶನ ಐತಲ್ಲ, ಅಲ್ಲೊಮ್ಮೆ ಒಯ್ದು ತೋರ್ಸು. ಯಾರರ ಇದಕ್ಕ ಒಂದ ಬಹುಮಾನ ಕೊಟ್ರಂದ್ರ, ಗೇಟ ಮುಟ್ಟೂದಿಲ್ಲ ನಾ." ಹೀಗೆ ಹೇಳಿ ತಾವೇ ನಕ್ಕರು.

ಅತ್ತೆ ಪಕ್ಕದಲ್ಲಿ ರೊಟ್ಟಿ ಮುರಿಯುತ್ತಿದ್ದರು. ಅವರಿಗೆ ಎಂಬತ್ತು ದಾಟಿದೆ. ಬೇಕಾದ್ದು ಮಾತ್ರ ಕೇಳಿಸುವಂಥ ಕಿವಿ. ಅವರು ತಲೆಯೆತ್ತಲಿಲ್ಲ.

"ಈರಣ್ಣಾ, ಈಗ ಏನಂದಿ?"

"ಏನಿಲ್ಲಬೇ, ಚ್ಯಾಷ್ಟಿ ಮಾಡಿದ್ಯಾ."

"ಉಣ್ಣೂ ಎಡಿ ಮುಂದ ಕುಂತ ಮಾತ ಕೊಟ್ಟಿ. ಅದು ಚ್ಯಾಷ್ಟಿ ಹೆಂಗ ಆಗತೈತಿ? ಬಹುಮಾನ ಬಂದ್ರ ಗಿಡಾ ಇರತೈತಿ. ಬರಲಿಲ್ಲಂದ್ರ ಆಕಿನೂ ತಕರಾರ ಮಾಡೂ ಹಂಗಿಲ್ಲ." ನನ್ನ ಕಡೆ ಬೆರಳು ತೋರಿಸಿ, ಮತ್ತೆ ರೊಟ್ಟಿ ಮುರಿದರು.

ಗೆಲ್ಲುವ ಆಸೆ ಯಾರಿಗಿತ್ತು? ಅತ್ತೆ ನನ್ನ ಪರವೋ ಅವರ ಮಗನ ಪರವೋ ಎಂದು ಕೂಡ ತಿಳಿಯಲಿಲ್ಲ. ಒಂದು ಮಾತ್ರ ನಿಜ. ಈ ಮನೆಯಲ್ಲಿ ಅತ್ತೆ ಸಾಕ್ಷಿಯಾದ ಮಾತು ಕಲ್ಲ ಮೇಲೆ ಬರೆದ ಹಾಗೆ. ಗೌಂಡಿಗೆ ಪ್ರದರ್ಶನದ ಮರುದಿನ ಬಾ ಎಂದು ಹೇಳಿ ಕಳಿಸಿದರು.

ಪ್ರದರ್ಶನದ ದಿನ ಬೆಳಿಗ್ಗೆ ಗಿಡದಲ್ಲಿ ಒಂಬತ್ತು ಮೊಗ್ಗಿದ್ದವು. ನಾನು ಸ್ನಾನ, ಪೂಜೆ ಮುಗಿಸಿ ಬರುವಷ್ಟರಲ್ಲಿ ಮೂರು ಅರ್ಧ ಬಾಯಿ ಬಿಟ್ಟಿದ್ದವು. ಕೇಳುವುದೋ ಬಿಡುವುದೋ ಎಂದು ನಿಂತು, "ಶಿವನೇ, ಇವತ್ತ ಒಂದ ದಿನ ಮಧ್ಯಾಹ್ನ ತನಾ ಹಿಡಕೊಳ್ಳಲಿ" ಅಂದೆ. ಗಿಡದ ಸಲುವಾಗಿ ಬಾಯಿಬಿಟ್ಟು ಬೇಡಿಕೊಂಡದ್ದು ಅದೇ ಮೊದಲು. ಮೂರನ್ನೂ ಕೊಯ್ದು, ಸ್ಟೀಲಿನ ಹಾಲಿನ ಕ್ಯಾನಿನಲ್ಲಿ ನೀರು ಹಾಕಿ ಇಳಿಸಿ, ಮೇಲೆ ಒದ್ದೆ ಪಂಜೆಯ ತುಂಡು ಮುಚ್ಚಿದೆ. ಬಾಜುಮನೆಯಾಕೆ ದೇಸಾಯಿ ಕಾಕು ಸ್ಕೂಟಿ ತೆಗೆದರು. ಕಾಕು ಮನೆಯಲ್ಲಿ ಮರಾಠಿ ಮಾತಾಡುವವರು, ನನ್ನ ಜೊತೆ ಕನ್ನಡ, ಸ್ಕೂಟಿ ಓಡಿಸುವಾಗ ಎರಡರಲ್ಲೂ ಬೈಗುಳ.

"ಘಟ್ಟ ಹಿಡ್ಕೊ ಮಂಗಲಾ. ಅಗೋ, ಈ ಗಾವಠಿ, ಹಳ್ಳೀ ಗುಲಾಬ ತಗೊಂಡ ಹೊಂಟೀವಿ, ಹಾಲ ಮಾರಾಕ ಹೊಂಟಂಗ ಕಾಣಸ್ತೀವಿ ನೋಡು!"

ಸಭಾಂಗಣಕ್ಕೆ ಕಾಲಿಟ್ಟ ಕೂಡಲೇ ವಾಪಸು ಹೋಗಿಬಿಡೋಣ ಅನಿಸಿತು. ಉದ್ದುದ್ದ ಮೇಜು, ಬಿಳಿ ಬಟ್ಟೆ, ಗಾಜಿನ ಹೂದಾನಿ. ಒಂದೊಂದು ಗುಲಾಬಿ ಕೋಸಿನ ಗಡ್ಡೆಯಷ್ಟು ದಪ್ಪ. ಕೆಂಪು, ಹಳದಿ, ಎರಡು ಬಣ್ಣದ್ದು, ಅರಿಶಿನಕ್ಕೆ ಕುಂಕುಮ ಚೆಲ್ಲಿದಂಥದ್ದು. ಎಲ್ಲ ಸಾಲಿ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು. ನನ್ನ ಮೂರು ಹೂವು ಕ್ಯಾನಿನಿಂದ ಹೊರಗೆ ಬಂದು, ಕಾಕು ತಂದ ಸ್ಟೀಲಿನ ಲೋಟದಲ್ಲಿ ಒಂದರ ಮೇಲೊಂದು ಒರಗಿಕೊಂಡು ಕೂತವು, ಮದುವೆ ಮನೆಯಲ್ಲಿ ಕೆಲಸ ಮಾಡಿ ದಣಿದ ಹೆಂಗಸರ ಹಾಗೆ.

ಹೆಸರು ಬರೆಸಿಕೊಳ್ಳಲು ಕಾಲೇಜು ಹುಡುಗಿಯೊಬ್ಬಳು ಕೂತಿದ್ದಳು. ಒಂದು ಚೀಟಿ ಕೊಟ್ಟಳು. ನನ್ನ ಹೆಸರು, ಓಣಿ ಬರೆದೆ. ಮೂರನೆಯ ಸಾಲು, ಹೂವಿನ ತಳಿ. ಗುಂಡಗೆ, ಸ್ಪಷ್ಟವಾಗಿ ಬರೆದುಕೊಟ್ಟೆ: ಎಡವಟ್ಟ.

ಹುಡುಗಿ ಓದಿ ತುಟಿ ಕಚ್ಚಿಕೊಂಡಳು. "ಆಂಟಿ, ಇಲ್ಲಿ ಹೂವಿನ ಹೆಸರ ಬರೀಬೇಕ್ರಿ."

"ಅದs ಅವ್ವಾ ಹೆಸರು."

"ಎಡವಟ್ಟ ಅಂತ ಗುಲಾಬಿ ಇರತೈತೇನ್ರೀ?"

"ಐತಲ್ಲ, ನಿನ್ನ ಮುಂದs ಕುಂತೈತಿ."

ಹಿಂದೆ ಸಾಲಿನಲ್ಲಿ ನಿಂತವರು ಘೊಳ್ಳೆಂದು ನಕ್ಕರು. ಒಬ್ಬರು ಮೊಬೈಲು ತೆಗೆದು ಚೀಟಿಯ ಫೋಟೋ ಹೊಡೆದುಕೊಂಡರು. ಕಾಕು ನನ್ನ ಸೆರಗು ಜಗ್ಗಿ, "ಅಗ ಬಾಯಿ, ಬರೇ ಗುಲಾಬ ಅಂತ ಬರಿಬಾರದ?" ಎಂದು ಪಿಸುಗುಟ್ಟಿದರು. ಬರೆಯಬಹುದಿತ್ತು. ಆದರೆ ಅಜ್ಜ, ಅವ್ವ ಕರೆದ ಹೆಸರು ಬಿಟ್ಟು ಬೇರೆ ಹೆಸರಿನಲ್ಲಿ ಗೆಲ್ಲಿಸಿ ನನಗೇನು ಮಾಡುವುದಿದೆ? ಚೀಟಿ ಹಾಗೇ ಲೋಟಕ್ಕೆ ಒರಗಿಸಿದೆ. ಕಿವಿ ಮಾತ್ರ ಕೆಂಡದ ಹಾಗೆ ಸುಡುತ್ತಿತ್ತು.

ಹನ್ನೊಂದಕ್ಕೆ ಬರಬೇಕಾದ ಪರೀಕ್ಷಕರು ಹನ್ನೆರಡಾದರೂ ಬರಲಿಲ್ಲ. ಪಕಳೆ ಉದುರಿದ ಹೂವನ್ನು ನೋಡುವುದಿಲ್ಲವೆಂದು ಗೋಡೆಯ ಮೇಲೆ ನಿಯಮ ಅಂಟಿಸಿದ್ದರು. ನಾನು ಲೋಟದ ಮುಂದೆ ಕಾವಲು ಕೂತೆ. ಫ್ಯಾನು ಹಾಕಲು ಬಂದವನಿಗೆ ಕೈಮುಗಿದೆ. ಹನ್ನೆರಡೂವರೆಗೆ ಒಂದು ಹೂವು ಸದ್ದಿಲ್ಲದೆ ತನ್ನ ಪಕಳೆಯನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಇಳಿಸಿತು. ಉದುರಿದ್ದನ್ನು ಉಡಿಗೆ ಹಾಕಿಕೊಂಡು, ಬರೀ ದೇಟನ್ನು ತೆಗೆದುಬಿಟ್ಟೆ. ಮತ್ತೆ ಹತ್ತು ನಿಮಿಷಕ್ಕೆ ಎರಡನೆಯದು. ಕಾಕು ಅತ್ತ ಮುಖ ತಿರುಗಿಸಿದರು. ಉಳಿದದ್ದು ಒಂದೇ. ನಾನು ಉಸಿರು ಕೂಡ ಬೇರೆ ಕಡೆ ಬಿಡುತ್ತಿದ್ದೆ.

ಪರೀಕ್ಷಕರು ಮೂವರು ಬಂದರು. ಇಬ್ಬರು ಗಂಡಸರು ಅಳತೆಗೋಲು ಹಿಡಿದು ಗಾಜಿನ ಹೂದಾನಿಗಳ ಕಡೆ ಹೋದರು. ಮೂರನೆಯವರು ಬೆಳ್ಳಿಕೂದಲಿನ, ದಪ್ಪ ಕನ್ನಡಕದ ಹೆಣ್ಣುಮಗಳು. ಧಾರವಾಡದಲ್ಲಿ ಕಾಲೇಜು ಮಕ್ಕಳಿಗೆ ಗಿಡಗಳ ವಿಷಯ ಕಲಿಸಿ ನಿವೃತ್ತರಾದವರೆಂದು ಆಮೇಲೆ ತಿಳಿಯಿತು. ಅವರು ಬಾಗಿಲಲ್ಲೇ ನಿಂತು ಮೂಗು ಮೇಲೆತ್ತಿದರು. ಆಮೇಲೆ ಯಾವ ಹೂವನ್ನೂ ನೋಡದೆ, ನಮ್ಮ ಮನೆ ಹುಡುಕಿಕೊಂಡು ಬರುವ ನೆಂಟರ ಹಾಗೆ, ನೆಟ್ಟಗೆ ನನ್ನ ಲೋಟದ ಹತ್ತಿರ ಬಂದರು. ಬಗ್ಗಿದರು. ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆದವರು ಚೀಟಿ ಓದಿದರು.

ಅವರು ನಕ್ಕ ನಗೆ! ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು. ನನಗೆ ಅಳುವೇ ಬಂತು. ಇವರೂ ನಗುವವರೇ ಎಂದುಕೊಂಡೆ.

"ಅವ್ವಾ, ಈ ಹೆಸರ ಯಾರು ಹೇಳಿದ್ರು?"

"ನಮ್ಮಜ್ಜಗ ಸಾಹೇಬ ಹೇಳಿದ್ದಂತ್ರಿ. ಖಾನಾಪುರದಾಗ."

"ಸಾಹೇಬ ಖರೇನ ಹೇಳ್ಯಾನ! ನಿಮ್ಮಜ್ಜನ ಕಿವಿನೂ ಸುಳ್ಳಲ್ಲ. ಇದು ಎಡ್ವರ್ಡ್ ಗುಲಾಬಿ ಅವ್ವಾ. ಎಡ್-ವರ್ಡ್. ನಿಮ್ಮಜ್ಜ ಅದನ್ನ ನಮ್ಮ ಮಂದಿ ಬಾಯಿಗೆ ಹೊಂದೂ ಹಂಗ ಮಾಡ್ಕೊಂಡಾನ."

ಎಡ್ವರ್ಡ್, ಎಡವರ್ಡ, ಎಡವಟ್ಟ. ನಾನು ಬಾಯೊಳಗೇ ಮೂರು ಸಲ ಹೊರಳಿಸಿ ನೋಡಿದೆ. ಇಷ್ಟು ವರ್ಷ ಒಂದು ಗಿಡಕ್ಕೆ ನಾವು ಮನೆಮಂದಿಯೆಲ್ಲ ಸೇರಿ ಬೈಯುತ್ತ ಬಂದಿದ್ದೆವು, ಅದು ನೋಡಿದರೆ ಯಾರದೋ ದೊಡ್ಡ ಮನುಷ್ಯನ ಹೆಸರು ಹೊತ್ತುಕೊಂಡು ಸುಮ್ಮನೆ ನಿಂತಿತ್ತು.

ಸುತ್ತ ನಾಲ್ಕು ಮಂದಿ ಕೂಡಿದರು. ಬೆಳ್ಳಿಕೂದಲಿನ ಆ ತಾಯಿ ಮಾಸ್ತರರ ಹಾಗೆ ಅಲ್ಲ, ಕಟ್ಟೆಯ ಮೇಲೆ ಕೂತು ನೆರೆಮನೆಯ ಸುದ್ದಿ ಹೇಳುವವರ ಹಾಗೆ ಹೇಳಿದರು. "ಸಮುದ್ರದಾಗ ಒಂದ ಸಣ್ಣ ದ್ವೀಪ ಐತಿ, ಆಫ್ರಿಕಾದ ಬಾಜುಕ. ಅಲ್ಲಿ ರೈತರು ಹೊಲಕ್ಕ ಬೇಲಿ ಅಂತ ಎರಡ ಥರದ ಗುಲಾಬಿ ಹಚ್ಚತಿದ್ರಂತ. ಒಂದು ಚೀನಾದ ಕಡೀದು, ವರ್ಷಪೂರ್ತಿ ಹೂ ಬಿಡೂದು. ಇನ್ನೊಂದು ಅರಬರ ಕಡೀದು, ವಾಸ್ನಿದು. ಆ ಬೇಲ್ಯಾಗ ಯಾರೂ ಹಚ್ಚಲಾರದ್ದು, ಯಾರೂ ಬಿತ್ತಲಾರದ್ದು ಒಂದ ಸಸಿ ತಾನs ಎದ್ದಿತು. ಎರಡರ ಕೂಸು. ತಾಯಿ ಹಂಗ ವರ್ಷಪೂರ್ತಿ ಹೂ, ತಂದಿ ಹಂಗ ವಾಸ್ನಿ. ಬೇಲಿ ಕಳೆ ಅಂತ ಯಾಂವರ ಕಿತ್ತ ಹಾಕಿದ್ರ ಕಥಿ ಮುಗೀತಿತ್ತು. ಒಬ್ಬಾಂವ ನೋಡಿ ಬಿಟ್ಟಾ. ಅಲ್ಲಿಂದ ದೇಶ ದೇಶಕ್ಕ ಹೋತು, ನಮ್ಮ ಕಡೆಗೂ ಬಂತು. ಎಡ್ವರ್ಡ್ ಯಾರು ಅಂತ ಕೇಳಿದ್ರ ಒಬ್ಬೊಬ್ಬರು ಒಂದೊಂದ ಹೇಳ್ತಾರ, ಅದ ಬಿಡ್ರಿ. ನಿಮ್ಮಜ್ಜ ಇಟ್ಟ ಹೆಸರs ಛಲೋ ಐತಿ. ಯಾರೂ ಎಣಿಸಲಾರದ್ದು ಆಗೂದಕ್ಕ ನಾವು ಎಡವಟ್ಟ ಅಂತೀವಿ, ಹೌದಲ್ಲ? ಇದು ಹುಟ್ಟಿದ್ದs ಹಂಗ."

ಆಮೇಲೆ ಕೈಚಾಚಿ ಆ ಉದ್ದನೆಯ ಮೇಜುಗಳನ್ನು ತೋರಿಸಿದರು. "ಇನ್ನೊಂದ ಹೇಳ್ತೀನಿ ಕೇಳ್ರಿ. ಇಷ್ಟ ಡೌಲು ಮಾಡ್ಕೊಂಡ ನಿಂತಾವಲ್ಲ ಇವು, ಇಂಥ ಹೂಗಳ ಗಿಡಕ್ಕ ಸ್ವಂತ ಬೇರ ಗಟ್ಟಿ ಇರೂದಿಲ್ಲ. ನಮ್ಮ ದೇಶದ ಮಾಲಿಗಳು ಈ ಎಡ್ವರ್ಡ್ ಬೇರ ಮ್ಯಾಲ ಇಂಥವನ್ನ ಕಸಿ ಕಟ್ಟಿ ಬೆಳೆಸ್ಯಾರ. ನೆಲದ ಕೆಳಗ ಇದು ದುಡೀತೈತಿ, ಮ್ಯಾಲ ಅವು ಮೆರೀತಾವ."

ಕಾಕುಗೆ ತಡೆಯಲಾಗಲಿಲ್ಲ. "ಮ್ಹಣಜೇ, ಅಂದ್ರ ಮನ್ಯಾಗಿನ ಸೊಸಿ ಇದ್ದಂಗ!"

ನಕ್ಕರು ನೋಡಿ ಎಲ್ಲ ಹೆಂಗಸರು! ಈ ಸಲದ ನಗು ನನ್ನ ಕಿವಿಯನ್ನು ಸುಡಲಿಲ್ಲ. ನಾನೂ ಸೇರಿ ನಕ್ಕೆ. ನಮ್ಮ ನಗೆಯ ಗಾಳಿಗೋ ಏನೋ, ಉಳಿದ ಹೂವಿನ ಒಂದು ಪಕಳೆ ಅಲುಗಿತು. ಆ ತಾಯಿ ಥಟ್ಟನೆ ಗಂಡಸರಿಬ್ಬರನ್ನು ಕೂಗಿ ಕರೆದರು. "ಬರ್ರಿ ಇಲ್ಲಿ, ಅಳತಿ ಆಮ್ಯಾಲ ಮಾಡ್ರಿ. ಮೊದಲ ಮೂಗ ತರ್ರಿ!"

ದೊಡ್ಡ ಬಹುಮಾನ ಅರಿಶಿನ ಕುಂಕುಮದ ಬಣ್ಣದ ಆ ಗುಲಾಬಿಗೆ ಹೋಯಿತು. ಹೋಗಬೇಕಾದದ್ದೇ, ಅದು ದೇವರು ಕೂತು ಬಿಡಿಸಿದಂತಿತ್ತು. ಎರಡನೆಯದು, ಮೂರನೆಯದು ಕೂಗಿದರು, ನನ್ನ ಹೆಸರಿಲ್ಲ. ಉಡಿಯಲ್ಲಿದ್ದ ಪಕಳೆ ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ನಾಳೆ ಬೆಳಿಗ್ಗೆ ಗೌಂಡಿ ಹಾರೆ ಹಿಡಿದು ಬರುತ್ತಾನೆ, ತಕರಾರು ಮಾಡುವಂತಿಲ್ಲ. ಆಗ ಮೈಕಿನಲ್ಲಿ ಆ ಕಾಲೇಜು ಹುಡುಗಿಯ ದನಿ ಕೇಳಿತು. "ಪರಿಮಳದ ಸಲುವಾಗಿ ವಿಶೇಷ ಬಹುಮಾನ. ಅನಗೋಳದ ಶ್ರೀಮತಿ ಮಂಗಲಾ ಅವರ..." ಅವಳು ಚೀಟಿ ನೋಡಿ ತಡವರಿಸಿದಳು. ಪಕ್ಕದಿಂದ ಬೆಳ್ಳಿಕೂದಲಿನವರು, "ಬರದಂಗ ಓದು" ಅಂದದ್ದೂ ಮೈಕಿನಲ್ಲಿ ಕೇಳಿಸಿತು. ಹುಡುಗಿ ಗಟ್ಟಿಯಾಗಿ ಓದಿದಳು. "ಎಡವಟ್ಟ ಗುಲಾಬ!"

ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಅವ್ವ ನನ್ನನ್ನು ಒಳಗಿನಿಂದ ಕೂಗುತ್ತಿದ್ದ ಹೆಸರು ಅದು. ನಾನು ಎದ್ದು ಹೋದೆ, ಗಿಡದ ಮುಳ್ಳಿಗೆ ಹರಿದ ಸೆರಗನ್ನು ಮುಚ್ಚಿಕೊಳ್ಳದೆಯೇ. ಅವರು ಕೊಟ್ಟದ್ದು ಒಂದು ಹಿತ್ತಾಳೆಯ ತಂಬಿಗೆ. ಬಹುಮಾನ ಕೊಡುತ್ತ ಆ ತಾಯಿ ಕಿವಿಯಲ್ಲಿ ಕೇಳಿದರು, ಇದರ ಇನ್ನೊಂದು ಗಿಡ ಇದೆಯೇ ಎಂದು. ಕೊಳೆತ ಹನ್ನೆರಡು ಕಡ್ಡಿಗಳ ಕಥೆ ಹೇಳಿದೆ.

"ಎಳಿ ತುದಿ ಚುಚ್ಚಿದ್ರ ಕೊಳೀದs ಏನ ಮಾಡತೈತಿ? ಹೂ ಬಿಟ್ಟ ಮುಗಿದ ಕೊಂಬಿ, ಪೆನ್ಸಿಲ್ ದಪ್ಪಂದು ಕೊಯ್ರಿ. ಮಳಿ ಹಿಡಿದ ಮ್ಯಾಲ ನೆಳ್ಳಾಗ ಹಚ್ಚ್ರಿ. ಇದರಷ್ಟ ಹಗೂರ ಹತ್ತೂ ಗುಲಾಬಿ ಇನ್ನೊಂದಿಲ್ಲ."

ಅವ್ವ ಆರಿಸಿದ್ದು ಅಂಥ ಕಡ್ಡಿಯೇ ಇರಬೇಕು.

ಮನೆಗೆ ಬಂದಾಗ ನಮ್ಮನೆಯವರು ಅಂಗಡಿಯಿಂದ ಬಂದು ಅತ್ತೆಯ ಪಕ್ಕದಲ್ಲಿ ಕೂತಿದ್ದರು. ತಂಬಿಗೆ ಅವರ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಫಸ್ಟ್ ಅಲ್ಲಲ್ಲ?"

"ಪರಿಮಳಕ್ಕರೀ."

"ಅಂದ್ರ ಸಮಾಧಾನಕ್ಕ ಕೊಟ್ಟದ್ದು. ಅದನ್ನ ಬಹುಮಾನ ಅನ್ನಾಕ..."

"ಲೇ ಈರಣ್ಣಾ," ಅತ್ತೆ ತಂಬಿಗೆಯನ್ನು ಮಗನ ಕೈಯಿಂದ ತೆಗೆದುಕೊಂಡರು. "ನೀ ಒಂದ ಬಹುಮಾನ ಅಂದಿ. ಮೊದಲನೇದ ಅಂದಿಲ್ಲ. ನಾ ಕಿವಿಲೆ ಕೇಳೀನಿ." ಆಮೇಲೆ ನನ್ನ ಮುಖ ನೋಡದೆ, ತಂಬಿಗೆಗೆ ಹೇಳುವವರ ಹಾಗೆ ಮೆಲ್ಲಗೆ ಹೇಳಿದರು. "ಇಷ್ಟ ವರ್ಷ ದಿನಾ ಮುಂಜಾನೆ ನನ್ನ ಲಿಂಗದ ಮ್ಯಾಲ ಆ ಗಿಡದ ಹೂ ಐತಿ. ಒಂದ ದಿನಾ ತಪ್ಪಿಸಿಲ್ಲ ಈಕಿ. ಜ್ವರಾ ಬಂದಾಗನೂ ತಂದಿಟ್ಟಾಳ. ನಾ ಬಾಯಿಬಿಟ್ಟ ಅಂದಿಲ್ಲ, ಅಷ್ಟs."

ಆ ದಿನದ ದಯೆ ಎಣಿಸಲು ನನಗೆ ಒಂದು ಕೈ ಸಾಲಲಿಲ್ಲ. ಬಹುಮಾನಕ್ಕಿಂತ ದೊಡ್ಡದು ಯಾವುದೆಂದು ನಿಮಗೇ ಗೊತ್ತಾಗಿರುತ್ತದೆ.

ಮರುದಿನ ಗೌಂಡಿ ಬಂದ. ಅತ್ತೆ ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲೇ ಕೂತು ಕೆಲಸ ಮಾಡಿಸಿದರು. ನೀರಿನ ಟಾಕಿ ಮಾಳಿಗೆ ಏರಿತು, ಗೇಟು ಬಲಕ್ಕೆ ಸರಿಯಿತು, ನೆಲದ ಮೇಲಿನ ಸುಣ್ಣದ ಗೆರೆಯನ್ನು ನಾನೇ ನೀರು ಹಾಕಿ ತೊಳೆದೆ. ಮಳೆ ಹಿಡಿದ ಮೇಲೆ ಹದಿನಾಲ್ಕು ಕಡ್ಡಿ ಹಚ್ಚಿದೆ. ಹನ್ನೊಂದು ಚಿಗುರಿದವು. ಕಾಕು ಎರಡು ಒಯ್ದರು. ನಮ್ಮ ಚೀಟಿಯ ಫೋಟೋ ಹೊಡೆದುಕೊಂಡು ಹೋಗಿದ್ದವರು ಶಿವಬಸವ ನಗರದಿಂದ ವಿಚಾರಿಸಿಕೊಂಡು ಬಂದು ಒಂದು ಕೇಳಿದರು, ನಗುತ್ತಲೇ ಕೊಟ್ಟೆ. ಒಂದನ್ನು ನಾನೇ ಖಾನಾಪುರಕ್ಕೆ ಒಯ್ದು ರೇಣುಕಾಳ ಕೈಯಿಂದಲೇ ಹಚ್ಚಿಸಿದೆ. ಅವಳೂ ಇಬ್ಬರು ನೆರೆಯವರಿಗೆ ಕೊಟ್ಟಳಂತೆ. ಇನ್ನು ಯಾರು ಯಾವ ಗೇಟು ಎಷ್ಟು ಅಗಲ ಮಾಡಿಸಿದರೂ ಈ ಗುಲಾಬಿಗೆ ಭಯವಿಲ್ಲ.

ಮೊನ್ನೆ ರವಿವಾರ ಮಧ್ಯಾಹ್ನ ಹೊರಗೆ ಮಾತು ಕೇಳಿಸಿತು. ಯಾರೋ ಹೊಸಬರು ವಿಳಾಸ ಕೇಳಲು ನಿಂತವರು ಮೂಗರಳಿಸಿ, ಇದು ಯಾವ ಹೂವು ಎಂದು ಕೇಳಿದ್ದಾರೆ. ನಮ್ಮನೆಯವರು ಕಾರು ಒರೆಸುವುದು ಬಿಟ್ಟು ಗಿಡದ ಪಕ್ಕ ನಿಂತಿದ್ದರು.

"ಇದು ಎಡ್ವರ್ಡ್ ಗುಲಾಬಿರಿ. ಇಂಗ್ಲಂಡದ ರಾಜಾನ ಬಾಗಿನಾಗಿಂದು. ಹೋದ ವರ್ಷ ಇಡೀ ಜಿಲ್ಲಾಕ್ಕ ಫಸ್ಟ್ ಬಂದೈತಿ. ಗೇಟ ಮಾಡಸೂ ಮುಂದ ಕೆಲವು ಮಂದಿ ಕಿತ್ತ ಹಾಕ್ರಿ ಅಂದ್ರು. ನಾ ಏನ ಬಿಡಲಿಲ್ಲ ನೋಡ್ರಿ!"

ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಆಮೇಲೆ ಒಳಗೆ ಹೋಗಿ ಬಂದವರಿಗೂ ಸೇರಿಸಿ ಚಹಾಕ್ಕಿಟ್ಟೆ. ನಮ್ಮನೆಯವರು ತೃಪ್ತಿಯಾಗಿ ಹೇಳಲಿ, ಅವರ ಕಥೆ ಇನ್ನೂ ಆ ಬೇಲಿಯ ದ್ವೀಪಕ್ಕೆ ಮುಟ್ಟಿರಲಿಲ್ಲ.